ಮನೆಯ ಹಿರಿಯರ ದಿನದಲ್ಲಿ ಕೃತಜ್ಞತೆ, ಭರವಸೆ: ಮಾಡುವುದು ಹೇಗೆ, ಕೆಡುವುದು ಎಲ್ಲಿ?

ಹನುಮಂತನಗರದ ತಾರಸಿ (ಚರ್ಚೆ ಆರಂಭ)

ಮನೆಯಲ್ಲಿ ಎಪ್ಪತ್ತು ದಾಟಿದವರಿದ್ದರೆ "ಒಳ್ಳೆಯದನ್ನು ನೆನೆಯಲಿ, ನೆಮ್ಮದಿಯಾಗಿರಲಿ" ಅನ್ನುವ ಸಲಹೆ ಎಲ್ಲ ಕಡೆಯಿಂದಲೂ ಬರುತ್ತದೆ. ಅದನ್ನು ಬರೆದಿಡಲೆಂದು ಹುಟ್ಟುಹಬ್ಬಕ್ಕೆ ಚೆಂದದ ಡೈರಿಯೊಂದನ್ನು ಕೊಡುತ್ತಾರೆ, ಎರಡು ವಾರಕ್ಕೆ ಅದು ಪಂಚಾಂಗದ ಕೆಳಗೆ ಸೇರುತ್ತದೆ. ಹಿರಿಯರ ಜತೆ ದಿನವೂ ಕೆಲಸ ಮಾಡುವವರು ಇಲ್ಲಿ ಬಹಳ ಜನ ಇದ್ದೀರಿ. ಏನು ಬರೆಸಬೇಕು, ಯಾವ ಹೊತ್ತಿಗೆ, ಪೆನ್ನು ಹಿಡಿಯಲಾಗದವರಿಗೆ ಏನು ದಾರಿ, ಬರೆಯುವುದರ ಹೊರತಾಗಿ ಮನೆಯಲ್ಲಿ ಏನೇನು ಬದಲಾಗಬೇಕು? ಸುಭಾಷಿತ ಬೇಡ, ವಿಧಾನ ಹೇಳಿ.

ವಿಜಯನಗರದ ಆಪ್ತಸಮಾಲೋಚಕಿ

ಡೈರಿಯಿಂದಲೇ ಶುರು ಮಾಡುತ್ತೇನೆ, ಹೆಚ್ಚು ಎಡವುವುದು ಅಲ್ಲೇ.

ಚೆಂದದ ಡೈರಿ ಬೇಡ. ಅದರ ಗೆರೆಗಳು ಕಿರಿದು, ದಿನಾಂಕ ಮೊದಲೇ ಅಚ್ಚಾಗಿರುತ್ತದೆ, ಒಂದು ದಿನ ತಪ್ಪಿದರೆ ಖಾಲಿ ಹಾಳೆ ಕಣ್ಣಿಗೆ ಚುಚ್ಚುತ್ತದೆ. ಅಗಲ ಗೆರೆಯ ಸಾಧಾರಣ ನೋಟ್‌ಬುಕ್ ಸಾಕು. ಕಪ್ಪು ಜೆಲ್ ಪೆನ್ ಇರಲಿ, ನೀಲಿ ಬಾಲ್‌ಪೆನ್ನಿನ ತೆಳು ಗೆರೆ ವಯಸ್ಸಾದ ಕಣ್ಣಿಗೆ ಮಸುಕಾಗಿ ಕಾಣುತ್ತದೆ. ಪುಸ್ತಕ ಬೀರುವಿನಲ್ಲಿ ಬೇಡ, ರಾತ್ರಿ ಮಾತ್ರೆ ಡಬ್ಬಿಯ ಪಕ್ಕದಲ್ಲಿರಲಿ. ಮಾತ್ರೆ ನುಂಗಿದ ಮೇಲೆ ಬರೆಯುವುದು ಎಂದು ಗೊತ್ತು ಮಾಡಿದರೆ ಬೇರೆ ನೆನಪಿಸುವ ಅಗತ್ಯ ಬೀಳುವುದಿಲ್ಲ.

ಬರೆಯಬೇಕಾದ್ದು ಆ ದಿನದ ಮೂರು ಒಳ್ಳೆಯ ಸಂಗತಿ, ಪ್ರತಿಯೊಂದಕ್ಕೂ "ಅದು ಯಾಕಾಯಿತು" ಎಂಬ ಒಂದು ಸಾಲು. ಆ ಎರಡನೇ ಸಾಲನ್ನು ಬಿಡಬೇಡಿ. "ಆರೋಗ್ಯ ಚೆನ್ನಾಗಿದೆ, ಮಕ್ಕಳು ಚೆನ್ನಾಗಿದ್ದಾರೆ, ದೇವರು ದೊಡ್ಡವನು" ಎಂದು ಬರೆದರೆ ನಾಲ್ಕನೇ ದಿನಕ್ಕೆ ಬರೆಯಲು ಏನೂ ಉಳಿಯುವುದಿಲ್ಲ. "ಎದುರುಮನೆ ಹುಡುಗ ನಂದಿನಿ ಪ್ಯಾಕೆಟ್ ಮೇಲಕ್ಕೆ ತಂದುಕೊಟ್ಟ. ಯಾಕೆ: ಲಿಫ್ಟ್ ಕೆಟ್ಟಿದ್ದನ್ನು ಅವನಾಗಿಯೇ ಗಮನಿಸಿದ." ಇಂಥದ್ದು ಬೇಕು. ಇದರಲ್ಲಿ ಒಬ್ಬ ಮನುಷ್ಯ ಇದ್ದಾನೆ, ಅವನ ಉದ್ದೇಶವೂ ಇದೆ. ಮಾರನೇ ದಿನ ಅವನು ಎದುರಾದಾಗ ಆಡಲು ಒಂದು ಮಾತೂ ಸಿಕ್ಕಿತು.

ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್ಮನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಾಡಿಸಿದ್ದು ಹೀಗೆಯೇ: ಒಂದು ವಾರ, ಪ್ರತಿ ರಾತ್ರಿ ಮೂರು ಸಂಗತಿ, ಜತೆಗೆ ಕಾರಣ. ಆರು ತಿಂಗಳಾದ ಮೇಲೂ ಪರಿಣಾಮ ಕಂಡಿತು, ವಾರ ಮುಗಿದ ಮೇಲೂ ತಾವಾಗಿ ಮುಂದುವರಿಸಿದವರಲ್ಲಿ ಹೆಚ್ಚು. ಅದಕ್ಕೂ ಮೊದಲು, 2003ರಲ್ಲಿ, ಅಲ್ಲಿನವರೇ ಆದ ಮನಶ್ಶಾಸ್ತ್ರಜ್ಞರು ರಾಬರ್ಟ್ ಎಮ್ಮನ್ಸ್ ಮತ್ತು ಮೈಕಲ್ ಮೆಕಲೊ ನರಸ್ನಾಯು ಕಾಯಿಲೆಯವರಿಂದ 21 ದಿನ ಬರೆಸಿದ್ದರು. ಅವರ ಉಲ್ಲಾಸವೂ ನಿದ್ದೆಯೂ ಸುಧಾರಿಸಿದ್ದವು. ದೇಹಕ್ಕೆ ನೋವಿದ್ದವರಿಗೂ ಇದು ಒಗ್ಗುತ್ತದೆ ಎಂಬುದಕ್ಕೆ ಇದನ್ನು ಹೇಳಿದೆ. ಮೊದಲ ವಾರ ದಿನವೂ ಬರೆಯಲಿ, ಆಮೇಲೆ ವಾರಕ್ಕೆ ಒಂದೋ ಎರಡೋ ಸಲ. ವರ್ಷವಿಡೀ ದಿನವೂ ಬರೆಸಿದರೆ ಕೈ ಬರೆಯುತ್ತದೆ, ಮನಸ್ಸು ಎಲ್ಲೋ ಇರುತ್ತದೆ.

ಪೆನ್ನು ಹಿಡಿಯಲಾಗದವರಿಗೆ ಮನೆಯವರೊಬ್ಬರು ಬರೆದುಕೊಳ್ಳಬೇಕು. ಅವರ ಬಾಯಿಂದ ಬಂದ ಹಾಗೇ ಬರೆಯಿರಿ, ಕೋಲಾರದ ಮಾತಾದರೂ ಮಂಡ್ಯದ್ದಾದರೂ. ತಿದ್ದಿ ಬರೆದುಕೊಟ್ಟರೆ ಅದು ಅವರ ಪುಸ್ತಕವಾಗಿ ಉಳಿಯುವುದಿಲ್ಲ. ತಾವೇ ಬರೆಯುವವರ ಪುಸ್ತಕವನ್ನು ಕೇಳದೆ ತೆರೆಯಲೇಬೇಡಿ. ಒಮ್ಮೆ ಯಾರೋ ಓದಿದ್ದಾರೆಂದು ಗೊತ್ತಾದರೆ ಅಂದಿನಿಂದ ಓದುವವರನ್ನು ಮೆಚ್ಚಿಸಲು ಬರೆಯುತ್ತಾರೆ.

ಮಂಡಿ ನೋವೆಂದು ನರಳುತ್ತಿರುವವರಿಗೆ "ಇರೋದನ್ನ ನೆನೆಸ್ಕೊಳ್ಳಿ" ಎಂದರೆ ಬಾಯಿ ಮುಚ್ಚಿಸಿದಂತಾಗುತ್ತದೆ. ಮೊದಲು ದೂರು ಪೂರ್ತಿ ಕೇಳಬೇಕು.

ಹೋಮ್ ನರ್ಸ್, ರಾಜಾಜಿನಗರ

ಮೇಡಂ ಹೇಳಿದ ಕೊನೇ ಮಾತನ್ನ ನಾನು ಮೊದಲನೇ ಮಾತು ಮಾಡ್ತೀನಿ. ಪುಸ್ತಕ ಆಮೇಲೆ, ಮೊದಲು ದೇಹ ನೋಡಿ. "ಅಜ್ಜಿ ಇತ್ತೀಚೆಗೆ ಬರೀ ಗೊಣಗ್ತಾರೆ, ಯಾವುದ್ರಲ್ಲೂ ಆಸಕ್ತಿ ಇಲ್ಲ" ಅಂತ ಮನೆಯವರು ಹೇಳಿದಾಗ ನಾವು ಕೇಳೋ ಪ್ರಶ್ನೆಗಳು ಬೇರೆ.

ಸಸ್ಯಾಹಾರಿಗಳಾ? ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಗೋತಿದ್ದಾರಾ? ಎರಡೂ ಇದ್ರೆ ಬಿ12 ಕಡಿಮೆ ಇರೋ ಸಂಭವ ಜಾಸ್ತಿ. ಪಾದ ಜುಮ್ಮೆನ್ನೋದು, ಸುಸ್ತು, ಮರೆವು, ಮಂಕು ಎಲ್ಲಾ ಅದರಿಂದ ಬರಬಹುದು. ಥೈರಾಯ್ಡ್ ಕಡಿಮೆ ಆದ್ರೂ ಹಾಗೇ. ರಕ್ತ ಪರೀಕ್ಷೆಯಲ್ಲಿ ಗೊತ್ತಾಗೋ ವಿಷಯಕ್ಕೆ ಸ್ವಭಾವದ ಮೇಲೆ ತಪ್ಪು ಹೊರಿಸಬಾರದು. ನೀರಿಳಿಸೋ ಮಾತ್ರೆ ಸಂಜೆ ತಗೊಂಡ್ರೆ ರಾತ್ರಿ ಮೂತ್ರಕ್ಕೆ ನಾಲ್ಕು ಸಲ ಏಳ್ತಾರೆ, ನಿದ್ದೆ ಇರಲ್ಲ, ಬೆಳಗ್ಗೆ ಸಿಡುಕು. ಹೊತ್ತು ಬದಲಾಯಿಸಬಹುದಾ ಅಂತ ಡಾಕ್ಟರನ್ನೇ ಕೇಳಿ, ನೀವಾಗಿ ಬದಲಾಯಿಸಬೇಡಿ. ಹೋಗುವಾಗ ಮನೇಲಿರೋ ಎಲ್ಲಾ ಮಾತ್ರೆ, ಲೇಹ್ಯ, ಚೂರ್ಣ ಒಂದು ಚೀಲಕ್ಕೆ ಹಾಕ್ಕೊಂಡು ಹೋಗಿ. ಚೀಟಿ ಮಾತ್ರ ತೋರಿಸಿದ್ರೆ ಅರ್ಧ ವಿಷಯ ತಪ್ಪಿಹೋಗುತ್ತೆ. ಅಂಗಡಿಯಿಂದ ನೋವಿನ ಮಾತ್ರೆ ತಂದು ದಿನಾ ನುಂಗೋದು ಮೂತ್ರಪಿಂಡಕ್ಕೆ ಪೆಟ್ಟು, ಅದನ್ನೂ ಮುಚ್ಚಿಡದೆ ಹೇಳಿ.

ಎರಡು ವಾರ ಮೀರಿ ಊಟ, ನಿದ್ದೆ, ಇಷ್ಟದ ಕೆಲಸ ಎಲ್ಲಾ ಬಿಟ್ಟಿದ್ದಾರೆ, "ನಾನಿದ್ದು ಏನು ಪ್ರಯೋಜನ" ಅಂತಿದ್ದಾರೆ ಅಂದ್ರೆ ಅದು ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ. ನಿಮ್ಹಾನ್ಸ್‌ಗೆ ಕರ್ಕೊಂಡು ಹೋಗಬಹುದು, ಹತ್ತಿರದ ಮನೋವೈದ್ಯರಾದ್ರೂ ಆಗುತ್ತೆ, ತಕ್ಷಣಕ್ಕೆ ಟೆಲಿ ಮಾನಸ್ ಸಹಾಯವಾಣಿ 14416. ಔಷಧಿ ಕೆಲಸ ಮಾಡೋಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಹತ್ತು ದಿನಕ್ಕೆ "ಏನೂ ಪ್ರಯೋಜನ ಇಲ್ಲ" ಅಂತ ನಿಲ್ಲಿಸಿಬಿಡೋ ಮನೆಗಳೇ ಜಾಸ್ತಿ. ಈ ಸ್ಥಿತಿಯಲ್ಲಿರೋರಿಗೆ ಮೂರು ಒಳ್ಳೇ ಸಂಗತಿ ಬರೀರಿ ಅಂದ್ರೆ ಒಂದೂ ಹೊಳೆಯಲ್ಲ, ಆಮೇಲೆ ಅದಕ್ಕೂ ತಮ್ಮನ್ನೇ ಬೈಕೋತಾರೆ. ಆಗ ಪುಸ್ತಕ ಪಕ್ಕಕ್ಕಿಡಿ.

ವಿಜಯನಗರದ ಆಪ್ತಸಮಾಲೋಚಕಿ

ಒಪ್ಪಿದೆ ಸಿಸ್ಟರ್. ಕ್ರಮ ನೀವು ಹೇಳಿದ್ದೇ ಸರಿ.

ಕಿವಿಮಾತು

ಶ್ರವಣ ಪರೀಕ್ಷೆ ಮಾಡುವವರ ಕಡೆಯಿಂದ ಒಂದಷ್ಟು. ಹಿರಿಯರು ಮನೆಮಂದಿಯ ಜತೆ ಕೂತಿದ್ದೂ ಒಂಟಿಯಾಗುವುದಕ್ಕೆ ಬಹುಪಾಲು ಕಾರಣ ಕಿವಿ. ಯಾರೋ ಏನೋ ಹೇಳಿದರು, ಎಲ್ಲರೂ ನಕ್ಕರು, ಅವರಿಗೆ ತಿಳಿಯಲಿಲ್ಲ. ಮತ್ತೆ ಕೇಳಿದರೆ "ಏನಿಲ್ಲ ಬಿಡಿ ಅಪ್ಪ" ಎಂಬ ಉತ್ತರ. ಇದು ದಿನಕ್ಕೆ ಹತ್ತು ಸಲ ಆದರೆ ಯಾವ ಕೃತಜ್ಞತೆ ಉಳಿದೀತು?

ವಯಸ್ಸಿನ ಕಿವುಡಿನಲ್ಲಿ ಮೊದಲು ಹೋಗುವುದು ಎತ್ತರದ ಶ್ರುತಿಯ ಭಾಗ. ಸ, ಶ, ತ, ಕದಂಥ ವ್ಯಂಜನಗಳು ಅಲ್ಲಿರುತ್ತವೆ. ಸ್ವರಗಳು ಕೇಳುತ್ತವೆ, ಆದ್ದರಿಂದ ಯಾರೋ ಮಾತಾಡುತ್ತಿದ್ದಾರೆ ಎಂದು ಗೊತ್ತಾಗುತ್ತದೆ, ಏನೆಂದು ಗೊತ್ತಾಗುವುದಿಲ್ಲ. ಕೂಗಿದರೆ ಸ್ವರ ಇನ್ನೂ ಜೋರಾಗಿ ವ್ಯಂಜನವನ್ನು ನುಂಗುತ್ತದೆ, ಮೇಲೆ ಬೈದಂತೆಯೂ ಕೇಳುತ್ತದೆ. ಮಾಡಬೇಕಾದ್ದು ಇಷ್ಟು: ಮೊದಲು ಕರೆದು ಗಮನ ಸೆಳೆಯಿರಿ, ಮೂರು ನಾಲ್ಕು ಅಡಿ ದೂರದಲ್ಲಿ ಮುಖಕ್ಕೆ ಮುಖ ಕೊಟ್ಟು, ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ ನಿಂತು, ನಿಧಾನವಾಗಿ ಹೇಳಿ. ಎರಡನೇ ಸಲ ಅದೇ ವಾಕ್ಯ ಬೇಡ, ಬೇರೆ ಪದದಲ್ಲಿ ಹೇಳಿ. ಅಡುಗೆಮನೆಯಿಂದ ಮಿಕ್ಸಿ ತಿರುಗುತ್ತಿರುವಾಗ ಹೇಳಿದ್ದು ಲೆಕ್ಕಕ್ಕಿಲ್ಲ.

ಶ್ರವಣ ಸಾಧನ ಕೊಂಡು ಡಬ್ಬಿಯಲ್ಲಿಟ್ಟಿರುವ ಮನೆಗಳು ಬಹಳ. ಕಾರಣ, ಮೊದಲ ದಿನವೇ ಮದುವೆ ಛತ್ರಕ್ಕೆ ಹಾಕಿಕೊಂಡು ಹೋಗುತ್ತಾರೆ. ವಾಲಗ, ತಟ್ಟೆ, ಕುರ್ಚಿ ಎಳೆಯುವ ಸದ್ದು ಎಲ್ಲ ಒಟ್ಟಿಗೆ ನುಗ್ಗುತ್ತದೆ. ಮೊದಲ ವಾರ ಮನೆಯೊಳಗೆ, ಫ್ಯಾನ್ ನಿಲ್ಲಿಸಿದ ಕೋಣೆಯಲ್ಲಿ, ಒಬ್ಬರ ಜತೆ ಮಾತಾಡುವಾಗ ಎರಡು ಗಂಟೆ ಸಾಕು. ಆಮೇಲೆ ಊಟದ ಹೊತ್ತು, ಆಮೇಲೆ ಟಿವಿ, ಆಮೇಲೆ ರಸ್ತೆ, ಎಲ್ಲ ಆದ ಮೇಲೆ ಛತ್ರ. ತಮ್ಮದೇ ದನಿ ಡಬ್ಬದೊಳಗಿಂದ ಬಂದಂತೆ ಕೇಳುವುದು, ಪೇಪರ್ ಮಡಚಿದರೆ ಕಿರಿಕಿರಿಯಾಗುವುದು ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಹೋಗದಿದ್ದರೆ ಸಾಧನವನ್ನು ಮತ್ತೆ ಹೊಂದಿಸಿಕೊಳ್ಳಿ, ಅದಕ್ಕಾಗಿ ಎರಡು ಮೂರು ಭೇಟಿ ಬೇಕೇ ಬೇಕು.

ಬ್ಯಾಟರಿ: ಕಂದು ಸ್ಟಿಕ್ಕರ್ ಇದ್ದರೆ ಅಳತೆ 312, ಕಿತ್ತಳೆ ಇದ್ದರೆ 13. ಸ್ಟಿಕ್ಕರ್ ಕಿತ್ತು ಒಂದೆರಡು ನಿಮಿಷ ಗಾಳಿಗೆ ಬಿಟ್ಟು ಹಾಕಬೇಕು, ಇವು ಗಾಳಿಯಿಂದ ಕೆಲಸ ಮಾಡುವ ಸತು ಬ್ಯಾಟರಿಗಳು. ಕಿತ್ತ ಸ್ಟಿಕ್ಕರ್ ಮತ್ತೆ ಅಂಟಿಸಿದರೆ ಉಳಿತಾಯ ಆಗುವುದಿಲ್ಲ. ಇನ್ನೊಂದು ಮಾತು, ಕಿವಿ ಕಟ್ಟಿದೆಯೆಂದು ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡಬೇಡಿ. ತಮಟೆಯಲ್ಲಿ ತೂತಿದ್ದರೆ ಸೋಂಕಾಗಬಹುದು. ಗುಗ್ಗೆಯನ್ನು ಇಎನ್‌ಟಿ ವೈದ್ಯರು ಹತ್ತು ನಿಮಿಷದಲ್ಲಿ ತೆಗೆಯುತ್ತಾರೆ, ಎಷ್ಟೋ ಸಲ ಅಷ್ಟರಿಂದಲೇ ಕಿವಿ ತೆರೆಯುತ್ತದೆ.

ಹೂಬುಟ್ಟಿ

ನಾನು ಕೈಕೆಲಸದ ಮೂಲಕ ಪುನಶ್ಚೇತನ ಮಾಡಿಸುವ ಕ್ಷೇತ್ರದವಳು. ಕೃತಜ್ಞತೆಯ ಬಗ್ಗೆ ಮಾತಾಡುವಾಗ ಹಿರಿಯರು ಬರೀ ಪಡೆಯುವವರು ಎಂದುಕೊಳ್ಳುತ್ತೇವೆ. ದಿನವಿಡೀ ಪಡೆಯುತ್ತಲೇ ಇದ್ದರೆ ಹಂಗಿನ ಭಾರ ಏರುತ್ತದೆ. ಅವರ ಕೈಯಿಂದ ಮನೆಗೆ ಏನಾದರೂ ಸಲ್ಲಬೇಕು. ಕೊಡುವ ಕೆಲಸ ನಿಜಕ್ಕೂ ಬೇಕಾಗಿರಬೇಕು, ಮತ್ತು ಅವರು ಮಾಡಿಟ್ಟದ್ದನ್ನು ಯಾರೂ ಹಿಂದಿನಿಂದ ಮತ್ತೆ ಮಾಡಬಾರದು. ಅತ್ತೆ ಮಡಚಿಟ್ಟ ಬಟ್ಟೆಯನ್ನು ಸೊಸೆ ಬಿಚ್ಚಿ ಮತ್ತೆ ಮಡಚಿದರೆ ಅಲ್ಲಿಗೆ ಮುಗಿಯಿತು.

ಡಿಸೆಂಬರ್, ಜನವರಿಯಲ್ಲಿ ಸೊಗಡು ಅವರೆಕಾಯಿ ಬರುತ್ತದಲ್ಲ, ಅದಕ್ಕಿಂತ ಒಳ್ಳೆಯ ಕೆಲಸ ಇಲ್ಲ. ಕಾಯಿ ಬಿಡಿಸುವುದು ಒಬ್ಬರಿಗೆ, ಕಾಳು ರಾತ್ರಿ ನೆನೆಸಿ ಬೆಳಗ್ಗೆ ಹಿತಕುವುದು ಇನ್ನೊಬ್ಬರಿಗೆ. ಆರೆಂಟು ಗಂಟೆ ನೆನೆಯದಿದ್ದರೆ ಸಿಪ್ಪೆ ಬಿಡುವುದಿಲ್ಲ, ಬೆರಳು ನೋಯುತ್ತದೆ, ಆಗ ತಪ್ಪು ಬೆರಳಿನದೆಂದು ಅವರೇ ಅಂದುಕೊಳ್ಳುತ್ತಾರೆ. ಸಂಧಿವಾತ ಇದ್ದವರು ಮೊದಲು ಐದು ನಿಮಿಷ ಬಿಸಿನೀರಿನಲ್ಲಿ ಕೈ ಅದ್ದಲಿ, ಅರ್ಧ ಗಂಟೆಗಿಂತ ಹೆಚ್ಚು ಒಂದೇ ಸಮ ಕೂರುವುದು ಬೇಡ. ನೆಲದ ಮೇಲೆ ಕೂರಿಸಬೇಡಿ, ಕಾಲು ನೆಲಕ್ಕೆ ತಾಗುವಂಥ, ಸುಮಾರು 45 ಸೆಂಟಿಮೀಟರ್ ಎತ್ತರದ ಕೈಯಿರುವ ಕುರ್ಚಿ, ಮುಂದೆ ಸ್ಟೂಲ್.

ಹೂ ಕಟ್ಟುವುದರಲ್ಲಿ ಒಂದು ಸೂಕ್ಷ್ಮ ಇದೆ. ಅರವತ್ತರ ಕಣ್ಣೊಳಗೆ ಇಪ್ಪತ್ತರ ಕಣ್ಣಿಗೆ ಹೋಗುವ ಬೆಳಕಿನ ಮೂರನೇ ಒಂದು ಭಾಗದಷ್ಟೇ ಹೋಗುತ್ತದೆ. ಬಿಳಿ ಮಲ್ಲಿಗೆಯನ್ನು ಸ್ಟೀಲ್ ತಟ್ಟೆಯಲ್ಲಿ ಸುರಿದುಕೊಟ್ಟರೆ ಹೂವೂ ಕಾಣುವುದಿಲ್ಲ, ತಟ್ಟೆಯ ಹೊಳಪೂ ಕಣ್ಣಿಗೆ ಹೊಡೆಯುತ್ತದೆ. ಕಡುಹಸಿರು ಅಥವಾ ಕಪ್ಪು ಬಟ್ಟೆ ಹಾಸಿ. ಬಾಳೆನಾರನ್ನು ಒದ್ದೆ ಮಾಡಿ ಮೆದುವಾಗಿಸಿ ಕೊಡಿ, ಒಣನಾರು ತುಂಡಾಗುತ್ತದೆ. ಅಕ್ಕಿ ಆರಿಸಲಿಕ್ಕೂ ಕಪ್ಪು ತಟ್ಟೆ. ದೀಪ ತಲೆಯ ಮೇಲಲ್ಲ, ಎಡಭುಜದ ಹಿಂದಿನಿಂದ ಬೀಳಲಿ, ಎಡಗೈಯವರಿಗೆ ಬಲದಿಂದ.

ಬನಶಂಕರಿ ಮೂರನೇ ಹಂತ

ಹೂಬುಟ್ಟಿ ಅವರೇ, ನಿಮ್ಮ ಮಾತಿಗೆ ಒಂದು ಎಚ್ಚರಿಕೆ ಸೇರಿಸಬೇಕು. ಗಂಡಹೆಂಡತಿ ಇಬ್ಬರೂ ವೈಟ್‌ಫೀಲ್ಡಿಗೋ ಎಲೆಕ್ಟ್ರಾನಿಕ್ ಸಿಟಿಗೋ ಹೋಗುವ ಮನೆಗಳಲ್ಲಿ "ಅಮ್ಮನಿಗೆ ಕೆಲಸ ಇರಬೇಕು" ಎನ್ನುವುದು ಬೆಳಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಮಗು ನೋಡಿಕೊಳ್ಳುವುದಾಗಿ ಬೆಳೆಯುತ್ತದೆ. ಎರಡು ವರ್ಷದ ಮಗುವಿನ ತೂಕ ಹನ್ನೊಂದು ಹನ್ನೆರಡು ಕೆಜಿ, ಅದನ್ನು ಎತ್ತುವುದು 68ರ ಬೆನ್ನು. ಇದನ್ನು ಕೃತಜ್ಞತೆಯ ಹೆಸರಿನಲ್ಲಿ ಮುಚ್ಚಬಾರದು. ಗಂಟೆಗಳನ್ನು ಗೋಡೆಯ ಮೇಲೆ ಬರೆದಿಡಿ. ವಾರದಲ್ಲಿ ಒಂದು ಪೂರ್ತಿ ದಿನ ರಜೆ, ಮಧ್ಯಾಹ್ನ ಒಂದೂವರೆ ಗಂಟೆ ಬಾಗಿಲು ಮುಚ್ಚಿದ ಕೋಣೆ, ಎತ್ತುವ ಕೆಲಸ ಮತ್ತೊಬ್ಬರಿಗೆ. ಮಗು ಬಿದ್ದರೆ ಮೊದಲ ಮಾತು "ನೋಡ್ಕೋಬಾರದಿತ್ತಾ" ಆಗಿರಬಾರದು. ತಮ್ಮ ಸ್ನೇಹಿತೆಯರ ಭಜನಾ ಮಂಡಳಿಗೆ ಹೋಗಲಾಗದ ಅಜ್ಜಿಗೆ ಮೊಮ್ಮಗುವಿನ ಪ್ರೀತಿಯೂ ದಣಿವಾಗುತ್ತದೆ.

ಹೂಬುಟ್ಟಿ

ನೂರಕ್ಕೆ ನೂರು ಸರಿ. ಬೇಡ ಎನ್ನುವ ಸ್ವಾತಂತ್ರ್ಯ ಇದ್ದರೆ ಮಾತ್ರ ಅದು ಕೊಡುಗೆ.

ಹನುಮಂತನಗರದ ತಾರಸಿ

ಬಾಯಲ್ಲಿ ಹೇಳುವುದರ ಬಗ್ಗೆ ಯಾರಾದರೂ ಬರೆಯಿರಿ. ಅಮ್ಮನಿಗೆ "ಧನ್ಯವಾದ" ಎಂದರೆ ಸಭೆಯಲ್ಲಿ ವಂದನಾರ್ಪಣೆ ಮಾಡಿದ ಹಾಗೆ ಆಗುತ್ತದಲ್ಲ?

ವಿಜಯನಗರದ ಆಪ್ತಸಮಾಲೋಚಕಿ

ಆ ಪದ ಬೇಡವೇ ಬೇಡ ಸರ್. ಮಾಡಿದ ಕೆಲಸವನ್ನೇ ಹೆಸರಿಸಿ ಹೇಳಿದರೆ ಸಾಕು. "ಇವತ್ತಿನ ತಿಳಿಸಾರಿಗೆ ಮೆಣಸು ಹದವಾಗಿತ್ತಮ್ಮ, ಗಂಟಲಿಗೆ ಹಿತವಾಯ್ತು." "ನೀವು ಆವತ್ತು ಸೈಟಿನ ಪತ್ರ ಎತ್ತಿಟ್ಟಿದ್ದಕ್ಕೆ ಇವತ್ತು ಬ್ಯಾಂಕಲ್ಲಿ ಕೆಲಸ ಆಯ್ತಪ್ಪ." ಮಾಡಿದ್ದು ಏನು, ಅದರಿಂದ ಆಗಿದ್ದು ಏನು, ಎರಡೂ ಅಲ್ಲಿವೆ. ಎದುರಿಗೆ ಹೇಳಲು ಸಂಕೋಚವಿದ್ದರೆ ಮೂರನೆಯವರ ಮುಂದೆ, ಅವರಿಗೆ ಕೇಳಿಸುವಂತೆ ಹೇಳಿ. ನಮ್ಮ ಮನೆಗಳಲ್ಲಿ ಅದು ಹೆಚ್ಚು ನಾಟುತ್ತದೆ.

ಹಿರಿಯರ ಕಡೆಯಿಂದಲೂ ಇದು ಆಗಬೇಕು, ಮುಖ್ಯವಾಗಿ ಸೊಸೆಗೆ. ಮಗ ವಾರಕ್ಕೊಮ್ಮೆ ಮಾತ್ರೆ ತಂದರೆ ಊರಿಗೆಲ್ಲ ಸುದ್ದಿ, ಸೊಸೆ ದಿನವೂ ಮಾಡುವುದು ಲೆಕ್ಕಕ್ಕಿಲ್ಲ. ಪುಸ್ತಕದ ಮೂರು ಸಂಗತಿಗಳಲ್ಲಿ ಒಂದು ಮನೆಯೊಳಗಿನವರದ್ದೇ ಇರಲಿ ಎಂದು ನಾವು ಹೇಳುವುದು ಇದಕ್ಕೇ. ಬರೆದವರು ಅದನ್ನು ಎಂದಾದರೂ ತಾವಾಗಿ ಓದಿ ಹೇಳಿದರೆ ಮನೆಯ ಗಾಳಿಯೇ ಬದಲಾಗುತ್ತದೆ. ಪಾತ್ರೆ ತೊಳೆಯಲು ಬರುವ ಹೆಂಗಸು, ಹೋಮ್ ನರ್ಸ್ ಇವರನ್ನೂ ಸೇರಿಸಿ.

ಹಳೆ ಪಟ, ಹಳೆ ದನಿ

ದಾಖಲೆ ಕಾಪಿಡುವ ಕೆಲಸದ ಅನುಭವದಿಂದ. 1963ರಲ್ಲಿ ರಾಬರ್ಟ್ ಬಟ್ಲರ್ ಎಂಬ ಅಮೆರಿಕದ ಮನೋವೈದ್ಯರು, ಮುದಿವಯಸ್ಸಿನಲ್ಲಿ ಹಳೆಯದನ್ನು ಮತ್ತೆ ಮತ್ತೆ ಹೇಳುವುದು ಬುದ್ಧಿ ಮಂಕಾದ ಗುರುತಲ್ಲ, ಬದುಕಿನ ಲೆಕ್ಕ ಒಪ್ಪ ಮಾಡಿಕೊಳ್ಳುವ ಸಹಜ ಕೆಲಸ ಎಂದು ವಾದಿಸಿದರು. ಹಾಗಾಗಿ "ಇದನ್ನ ನೂರು ಸಲ ಹೇಳಿದ್ದೀರಿ" ಎನ್ನುವ ಬದಲು ಫೋನಿನ ವಾಯ್ಸ್ ರೆಕಾರ್ಡರ್ ಆನ್ ಮಾಡಿ, ಅವರಿಗೆ ಹೇಳಿಯೇ. ಫೋನ್ ಏರೋಪ್ಲೇನ್ ಮೋಡಿನಲ್ಲಿರಲಿ, ಬಾಯಿಂದ ಒಂದಡಿ ದೂರ, ಕೆಳಗೆ ಮಡಚಿದ ಟವೆಲ್, ಫ್ಯಾನ್ ಬಂದ್. ನಲವತ್ತು ನಿಮಿಷ ಮೀರಬೇಡಿ. ಒಂದು ಗಂಟೆಯ ಧ್ವನಿ 128 ಕೆಬಿಪಿಎಸ್ ಗುಣಮಟ್ಟದಲ್ಲಿ 60 ಎಂಬಿಗಿಂತ ಕಡಿಮೆ, ಜಾಗದ ಚಿಂತೆ ಬೇಡ. ಫೋನ್, ಪೆನ್‌ಡ್ರೈವ್, ಕ್ಲೌಡ್, ಮೂರು ಕಡೆ ಪ್ರತಿ ಇರಲಿ.

"ನಿಮ್ಮ ಬಾಲ್ಯ ಹೇಳಿ" ಎಂದರೆ ಯಾರಿಗೂ ಮಾತು ಬರುವುದಿಲ್ಲ. "ಬಚ್ಚಲೊಲೆಗೆ ಯಾವ ಸೌದೆ ತರುತ್ತಿದ್ದರು?", "ಮೊದಲ ಸಂಬಳ ಯಾರ ಕೈಗೆ ಕೊಟ್ಟಿರಿ?" ಎಂದು ಕೇಳಿ. ಎಚ್‌ಎಂಟಿ, ಐಟಿಐ, ಬಿನ್ನಿ ಮಿಲ್ಲಿನಲ್ಲಿ ದುಡಿದವರಿಗೆ ಸೈರನ್, ಶಿಫ್ಟ್, ಕ್ಯಾಂಟೀನಿನ ತಿಂಡಿ ಕೇಳಿ, ಆಮೇಲೆ ನೀವು ಸುಮ್ಮನಿದ್ದರೆ ಸಾಕು. ಅಳು ಬಂದರೆ ವಿಷಯ ಬದಲಿಸಬೇಡಿ, ಕಾಯಿರಿ. ಆಸ್ತಿ ಜಗಳದ ಮಾತು ಬಂದರೆ ರೆಕಾರ್ಡಿಂಗ್ ನಿಲ್ಲಿಸಿ. ಅವರನ್ನು ಕೇಳದೆ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಬೇಡಿ.

ಫೋಟೊಗಳ ಹಿಂದೆ ಬಾಲ್‌ಪೆನ್ ಬೇಡ, ಒತ್ತಿದ ಗುರುತು ಮುಂದಕ್ಕೆ ಮೂಡುತ್ತದೆ. ಹಳೆಯ ಕಾಗದಕ್ಕೆ ಮೆದು ಪೆನ್ಸಿಲ್ ಹಗುರವಾಗಿ. ನುಣುಪು ಕಾಗದಕ್ಕೆ ಪೆನ್ಸಿಲ್ ಹತ್ತುವುದಿಲ್ಲ, ಬೇರೆ ಚೀಟಿ ಬರೆದು ಜತೆಗಿಡಿ. ಅಂಟು ಹಾಳೆಯ ಆಲ್ಬಂನಿಂದ ಹೊರತೆಗೆಯಿರಿ, ಬರದಿದ್ದರೆ ಎಳೆಯದೆ ಆಲ್ಬಂನಲ್ಲೇ ಇಟ್ಟು ಸ್ಕ್ಯಾನ್ ಮಾಡಿ.

ಲಾಲ್‌ಬಾಗ್ ವೆಸ್ಟ್ ಗೇಟ್

ಫಿಸಿಯೋ ದೃಷ್ಟಿಯಿಂದ ಚುಟುಕಾಗಿ. ಚಳಿಗಾಲದಲ್ಲಿ ಬೆಳಗಿನ ಆರು ಗಂಟೆ ವಾಕಿಂಗ್ ಹಠ ಬೇಡ, ಬಿಸಿಲು ಬಂದ ಮೇಲೆ ಹೋಗಲಿ. ಹಾಸಿಗೆಯಿಂದ ಎದ್ದವರು ಒಂದೆರಡು ನಿಮಿಷ ಕೂತು ಆಮೇಲೆ ನಿಲ್ಲಲಿ, ಬಿಪಿ ಮಾತ್ರೆ ತಗೊಳ್ಳುವವರು ಅಲ್ಲೇ ಬೀಳುವುದು. ದಾರಿಯಲ್ಲಿ ಎಷ್ಟು ಬೆಂಚಿದೆ ಎಂದು ಮೊದಲೇ ನೋಡಿಡಿ. ಹೆಂಗಸರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ ಉಚಿತ, ಮಧ್ಯಾಹ್ನ ಹನ್ನೊಂದರಿಂದ ಮೂರರ ಒಳಗೆ ಹೋದರೆ ಕೂರಲು ಸೀಟೂ ಸಿಗುತ್ತದೆ. ಗೆಳತಿಯ ಮನೆಗೆ ಒಬ್ಬರೇ ಹೋಗಿಬಂದ ದಿನ ಬರೆಯಲು ಮೂರಲ್ಲ, ಆರು ಸಂಗತಿ ಇರುತ್ತವೆ.

ಕಿವಿಮಾತು

ಭರವಸೆ ಎಂದರೆ ಮುಂದೆ ಏನೋ ಇದೆ ಅನ್ನುವುದು. ಗೋಡೆಯ ದೊಡ್ಡಂಕಿ ಕ್ಯಾಲೆಂಡರಿನಲ್ಲಿ ಸದಾ ಒಂದು ಈ ವಾರದ್ದು, ಒಂದು ಈ ತಿಂಗಳದ್ದು, ಒಂದು ದೂರದ್ದು ಗುರುತಾಗಿರಲಿ. ಕಾರ್ತಿಕದ ಕೊನೆಯ ಸೋಮವಾರದ ಬಸವನಗುಡಿಯ ಕಡಲೆಕಾಯಿ ಪರಿಷೆ, ಆಗಸ್ಟ್ ಮತ್ತು ಜನವರಿಯ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ, ಯಾವುದಾದರೂ. ಪರಿಷೆಗೆ ಸೋಮವಾರ ಸಂಜೆಯ ನೂಕುನುಗ್ಗಲಿಗಲ್ಲ, ಹಿಂದಿನ ದಿನ ಬೆಳಗ್ಗೆಯೇ ಅಂಗಡಿ ಹಾಕಿರುತ್ತಾರೆ, ಆಗ ಕರೆದುಕೊಂಡು ಹೋಗಿ. ಹೋಗಲಾಗದಿದ್ದರೆ ಬದಲಿ ಏನೆಂದು ಮೊದಲೇ ಗೊತ್ತು ಮಾಡಿ. ರದ್ದಾದ ಮಾತು ಬಹಳ ನೋಯಿಸುತ್ತದೆ.

ವಿದೇಶದ ಮೊಮ್ಮಕ್ಕಳ ಕರೆಯೂ ಗೊತ್ತಾದ ಹೊತ್ತಿಗೇ ಇರಲಿ. ಭಾನುವಾರ ಬೆಳಗ್ಗೆ 8.30 ಎಂದರೆ ಕ್ಯಾಲಿಫೋರ್ನಿಯಾದಲ್ಲಿ ಶನಿವಾರ ರಾತ್ರಿ 8. ನವೆಂಬರ್ ಮೊದಲ ಭಾನುವಾರದಿಂದ ಮಾರ್ಚ್ ಎರಡನೇ ಭಾನುವಾರದವರೆಗೆ ಅದು 7 ಆಗುತ್ತದೆ. ಹೊತ್ತು ಬದಲಾದದ್ದು ತಿಳಿಯದೆ ಫೋನ್ ಹಿಡಿದು ಒಂದು ಗಂಟೆ ಕಾಯುವವರಿದ್ದಾರೆ, ಮುಂಚಿತವಾಗಿ ಹೇಳಿ.

ಹನುಮಂತನಗರದ ತಾರಸಿ

ಕೊನೆಯದಾಗಿ ಒಂದು ಪ್ರಶ್ನೆ. ಮರೆವಿನ ಕಾಯಿಲೆ ಇದ್ದವರಿಗೆ ಇದರಲ್ಲಿ ಯಾವುದು ಉಳಿಯುತ್ತದೆ?

ಹೋಮ್ ನರ್ಸ್, ರಾಜಾಜಿನಗರ

ಪುಸ್ತಕ ಉಳಿಯಲ್ಲ ಸರ್, ಆ ಕ್ಷಣದ್ದು ಉಳಿಯುತ್ತೆ. "ಬೆಳಗ್ಗೆ ಯಾರು ಬಂದಿದ್ರು ಹೇಳಿ ನೋಡೋಣ" ಅಂತ ಪರೀಕ್ಷೆ ಮಾಡಬೇಡಿ. ಗೊತ್ತಿಲ್ಲ ಅನ್ನೋ ಅವಮಾನ ಮಾತ್ರ ಉಳಿದು, ಯಾಕೆ ಅನ್ನೋದು ಮರೆತುಹೋಗುತ್ತೆ. "ಬೆಳಗ್ಗೆ ನಿಮ್ಮ ತಂಗಿ ಬಂದು ಕೋಡುಬಳೆ ಕೊಟ್ಟು ಹೋದ್ರು, ತಗೊಳ್ಳಿ" ಅಂತ ನೀವೇ ಹೇಳಿ ಕೈಗೆ ಕೊಡಿ. ಸಣ್ಣ ವಯಸ್ಸಿನಲ್ಲಿ ಕೇಳಿದ ಹಾಡು ಮಾತು ನಿಂತ ಮೇಲೂ ನೆನಪಿರುತ್ತೆ. ಎಫ್‌ಎಂ 102.9ರಲ್ಲಿ ವಿವಿಧ ಭಾರತಿ ಹಳೇ ಚಿತ್ರಗೀತೆ ಬರುವಾಗ ಹಚ್ಚಿಡಿ, ಜಾಹೀರಾತಿಗೆ ಗಾಬರಿಯಾದ್ರೆ ಪೆನ್‌ಡ್ರೈವ್‌ನಲ್ಲಿ ಹತ್ತು ಹಾಡು ಸಾಕು, ದಿನಾ ಅವೇ ಇರಲಿ. ಸಂಜೆ ಹೊತ್ತು ಚಡಪಡಿಸೋರಿಗೆ ಕತ್ತಲಾಗೋವರೆಗೆ ಕಾಯಬೇಡಿ, ಐದೂವರೆಗೇ ಎಲ್ಲಾ ದೀಪ ಹಾಕಿ ಪರದೆ ಎಳೀರಿ, ಕಿಟಕಿ ಗಾಜಿನಲ್ಲಿ ಕಾಣೋ ತಮ್ಮದೇ ನೆರಳಿಗೆ ಹೆದರ್ತಾರೆ. ಕಾಫಿ ಮೂರು ಗಂಟೆಗೆ ಮುಗಿಸಿ, ಆಮೇಲೆ ಬೇಕೇಬೇಕು ಅಂದ್ರೆ ರಾಗಿ ಮಾಲ್ಟ್ ಅದೇ ಲೋಟದಲ್ಲಿ ಕೊಡಿ.